ಕಟ್ಟುವುದಕ್ಕೆ ಅಷ್ಟುದ್ದದ ಹಗ್ಗ

ನನಗೆ ಮೊದಲು ಅನುಮಾನ ಬಂದದ್ದು ಹಗ್ಗದ ಮೇಲೆ. ಒಂದು ಗ್ಲೈಡರಿಗೆ ಎರಡು ರೆಕ್ಕೆ, ಒಂದು ಬಾಲ. ಇಷ್ಟನ್ನು ಗಾಳಿಗೆ ಹಾರಿಹೋಗದ ಹಾಗೆ ಕಟ್ಟಲು ಎಷ್ಟು ಹಗ್ಗ ಬೇಕಾದೀತು? ನಾಲ್ಕು ಎಮ್ಮೆ ಕಟ್ಟುವಷ್ಟು ಎಂದೇ ಇಟ್ಟುಕೊಳ್ಳಿ. ಅಣ್ಣನ ಹೊಲದಲ್ಲಿ, ಬೇವಿನ ಮರದ ಬುಡಕ್ಕೆ, ತಾಡಪತ್ರಿ ಮುಚ್ಚಿ ಇಟ್ಟಿದ್ದ ನೈಲಾನ್ ಹಗ್ಗದ ಸುರುಳಿಯನ್ನು ಬಿಚ್ಚಿ ಎಳೆದಿದ್ದರೆ ಅದು ಕಲ್ಮಲದ ರಸ್ತೆ ಮುಟ್ಟುತ್ತಿತ್ತು.

"ಕಟ್ಟಾಕ ಇಷ್ಟುದ್ದ ಹಗ್ಗ ಯಾಕಣ್ಣ?" ಎಂದು ಕೇಳಿದೆ.

"ಇರ್ಲಿ ಬಿಡು ತಂಗಿ. ಹಗ್ಗ ಏನು ಹಳಸೋ ಮಾಲೇನ?" ಎಂದ.

ನನ್ನ ಅಣ್ಣ ಸುಳ್ಳು ಹೇಳುವಾಗ ತನ್ನ ಚಪ್ಪಲಿ ನೋಡಿಕೊಳ್ಳುತ್ತಾನೆ. ಅಂದು ಎರಡೂ ಚಪ್ಪಲಿಗಳನ್ನು ಬಹಳ ಹೊತ್ತು ನೋಡಿಕೊಂಡ. ನಾನು ಮಾನ್ವಿಯಲ್ಲಿ ಹೈಸ್ಕೂಲು ಟೀಚರು. ಯಾವ ಹುಡುಗನ ತೋಳಿನಲ್ಲಿ ಕಾಪಿ ಚೀಟಿ ಇದೆ ಎಂದು ಬಾಗಿಲಲ್ಲಿ ನಿಂತೇ ಹೇಳುವವಳು. ನನ್ನೆದುರು ಈ ಆಟವೆಲ್ಲ ನಡೆಯುವುದಿಲ್ಲ.

ಅಣ್ಣ ಶಕ್ತಿನಗರದ ಕರೆಂಟು ಸ್ಥಾವರದಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದವನು. ಆಮೇಲೆ ರಾಯಚೂರಿನಲ್ಲಿ ಮನೆ ಮಾಡಿದ, ಕಲ್ಮಲದ ಹತ್ತಿರ ಒಂದು ತುಂಡು ಎರೆಹೊಲ ಕೊಂಡ. ಹೊಲದಲ್ಲಿ ತೊಗರಿ ಹಾಕುತ್ತಾನೆ ಎಂದುಕೊಂಡಿದ್ದೆವು. ಅವನು ತಂದು ನಿಲ್ಲಿಸಿದ್ದು ಗ್ಲೈಡರ್. ಬೇರೆ ರಾಜ್ಯದಲ್ಲಿ ಎಲ್ಲೋ ಒಂದು ಹಾರಾಟದ ಕ್ಲಬ್ಬು ಮುಚ್ಚಿಹೋಗಿ, ಅದರ ಸಾಮಾನು ಗುಜರಿಗೆ ಬಿದ್ದಾಗ ಇದನ್ನು ಹಿಡಿದನಂತೆ. ಲಾರಿಯಲ್ಲಿ ರೆಕ್ಕೆ ಬೇರೆ, ಮೈ ಬೇರೆ ಆಗಿ ಬಂತು. ಓದುವ ವಯಸ್ಸಿನಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಇಂಥದ್ದನ್ನು ಹಾರಿಸಲು ಕಲಿತಿದ್ದ. ಅಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾ ತೀರಿಕೊಂಡ ಮೇಲೆ ಕಲಿಕೆ ಬಿಟ್ಟು ಕೆಲಸಕ್ಕೆ ಸೇರಿದ. ನನ್ನನ್ನು ಓದಿಸಿದ, ಟೀಚರು ಮಾಡಿದ. ಅವನಿಗೆ ಹಳೆಯ ಹುಚ್ಚು ಉಳಿದುಕೊಂಡಿತ್ತು, ನಮಗೆ ಗೊತ್ತಿರಲಿಲ್ಲ.

ಮೊದಮೊದಲು ನಾನೂ ಸುಮ್ಮನಿದ್ದೆ. ಎಂಜಿನ್ ಇಲ್ಲದ ವಿಮಾನ, ಎಲ್ಲಿಗೆ ಹೋದೀತು? ಊರಿನವರು ನನಗಿಂತ ಹೆಚ್ಚು ಅನುಮಾನ ಪಟ್ಟರು. ಭೂಮಿಯೊಳಗಿನ ಚಿನ್ನ ಹುಡುಕುವ ಮಶೀನು ಎಂದರು ಕೆಲವರು. ಪೊಲೀಸಿನವನೊಬ್ಬ ವಿಚಾರಣೆಗೆ ಬಂದು, ಒಳಗೆ ಕುಳಿತು, ಫೋಟೋ ಹೊಡೆಸಿಕೊಂಡು, ಚಹಾ ಕುಡಿದು ಹೋದ. ಪಕ್ಕದ ಹೊಲದ ಮುದುಕ ದಿನಾ ಬದುವಿನ ಮೇಲೆ ಕುಳಿತು ನೋಡುತ್ತಿದ್ದವನು ಒಂದು ದಿನ ನನ್ನನ್ನು ಕರೆದು, "ಯವ್ವಾ, ಗಾಳಿ ಬಂದಾಗ ತೂರ್ಕೋ ಅಂತಾರ. ನಿಮ್ಮಣ್ಣ ಗಾಳಿ ಬಂದಾಗ ಕಟ್ಟಾಕತ್ತಾನಲ್ಲ" ಎಂದ.

ಕಟ್ಟುವ ಕೆಲಸವೂ ಸುಲಭದ್ದಲ್ಲ. ಅಷ್ಟುದ್ದದ ರೆಕ್ಕೆ ಹಿಡಿಸುವ ಶೆಡ್ಡು ನಮಗೆ ಎಲ್ಲಿಂದ ಬರಬೇಕು? ಬಯಲಲ್ಲೇ ನಿಲ್ಲಿಸಬೇಕು. ಎರೆಭೂಮಿ ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ, ಗೂಟ ಎಷ್ಟು ಆಳಕ್ಕೆ ಬಡಿದರೂ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಅದಕ್ಕೆ ಅಣ್ಣ ಊರಲ್ಲಿ ಯಾರಿಗೂ ಬೇಡವಾಗಿ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲುಗಳನ್ನು ಕೇಳಿ ತಂದ. ಆಳವಾದ ಗುಂಡಿ ತೋಡಿ, ಕಲ್ಲಿನ ತೂತಿನಲ್ಲಿ ಸರಪಳಿ ಹಾಯಿಸಿ, ಹೂತು, ನೀರು ಹೊಯ್ದು ತುಳಿದ. ಸರಪಳಿಯ ತುದಿಗೆ ಹಗ್ಗ, ಹಗ್ಗದ ತುದಿಗೆ ರೆಕ್ಕೆ. ಬಾಲಕ್ಕೂ ಒಂದು ಕಲ್ಲು. ಗಾಳಿ ಬರುವ ಪಡುವಣ ದಿಕ್ಕಿನ ರೆಕ್ಕೆಯನ್ನು ನೆಲಕ್ಕೆ ಬಾಗಿಸಿ, ಮೇಲೆ ಹಳೆಯ ಟೈರು ಹೇರುತ್ತಿದ್ದ. "ಗಾಳಿ ಬಂದ್ರ ಮ್ಯಾಲ ಏಳೋದೇ ಇದರ ಕೆಲಸ. ಇದಕ್ಕೇನು ಗೊತ್ತು, ಇವತ್ತು ಏಳಬಾರ್ದು ಅಂತ" ಎನ್ನುತ್ತಿದ್ದ.

ಈ ಕೆಲಸದಲ್ಲಿ ಅವನ ಜೊತೆ ಇದ್ದವನು ದೇವದುರ್ಗದ ಅವನ ಹಳೆಯ ದೋಸ್ತ, ಶಾಮಿಯಾನಾ ಅಂಗಡಿಯವನು. ನಾವೆಲ್ಲ ಭಾಯಿ ಎಂದೇ ಕರೆಯುವುದು. ಮದುವೆ ಹಂದರಗಳನ್ನು ಹಾಕಿ ಹಾಕಿ ಭಾಯಿಯ ಕೈಗೆ ಗಂಟು ಹಾಕುವುದು ಬೀಡಿ ಹಚ್ಚಿದಷ್ಟೇ ಸಲೀಸು. "ಗಾಳಿ ಜೋಡಿ ಜಿದ್ದಿಗೆ ಬೀಳಬಾರ್ದು ಟೀಚರ್ರ. ಜೋರು ಬಂತಂದ್ರ ಬಂದ ಮಗ್ಗಲದ ಹಗ್ಗ ಬಿಟ್ಟುಬಿಡಬೇಕು. ಕಪಡಾ ಬಡಕೊಂತದ, ಬಡಕೊಳ್ಳಲಿ. ಕಂಬ ಉಳೀತಾವ" ಎಂದು ನನಗೆ ಪಾಠ ಹೇಳಿದ್ದ. ಮನುಷ್ಯ ಒಳ್ಳೆಯವನೇ. ಆದರೆ ಅವನಿಗೆ ಒಂದು ಜೀಪು ಇತ್ತು, ಆ ಜೀಪಿನ ಹಿಂದೆ ಹೊಸದಾಗಿ ಬೆಸುಗೆ ಹಾಕಿದ ಒಂದು ಕೊಕ್ಕೆ ಇತ್ತು.

ಆ ಕೊಕ್ಕೆ ಕಂಡ ದಿನ ಮಾನ್ವಿಯ ಬಸ್ಸಿನಲ್ಲಿ ಕುಳಿತು ಮೊಬೈಲು ತೆಗೆದೆ. ಗ್ಲೈಡರ್ ಹೇಗೆ ಹಾರುತ್ತದೆ ಎಂದು ಹುಡುಕಿದೆ, ಒಂದು ವಿಡಿಯೋ ಸಿಕ್ಕಿತು. ಉದ್ದನೆಯ ಹಗ್ಗ, ಹಗ್ಗದ ಒಂದು ತುದಿಗೆ ಜೀಪು, ಇನ್ನೊಂದು ತುದಿಗೆ ಗ್ಲೈಡರ್. ಜೀಪು ಓಡಿತು, ಗ್ಲೈಡರ್ ಗಾಳಿಪಟದ ಹಾಗೆ ಎದ್ದಿತು. ಅಣ್ಣನನ್ನು ಇದರಲ್ಲಿ ಹಾರಲು ಬಿಡಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಯಾಕೆ ಎಂದರೆ, ಹಿಂದಿನ ವರ್ಷ ಅಣ್ಣ ಸ್ನಾನದ ಮನೆಯಲ್ಲಿ ಚಕ್ಕರ್ ಬಂದು ಬಿದ್ದಿದ್ದ. ಮತ್ತೊಮ್ಮೆ ಅಂಗಳದಲ್ಲಿ. ಡಾಕ್ಟರು ಬಿ.ಪಿ. ಎಂದರು, ಗಾಡಿ ಓಡಿಸಬಾರದು, ಎತ್ತರ ಹತ್ತಬಾರದು ಎಂದರು. ಬೈಕಿನ ಕೀಲಿ ನಾನೇ ಕಸಿದುಕೊಂಡು ಮಾನ್ವಿಗೆ ಒಯ್ದಿದ್ದೆ. ಬಚ್ಚಲಲ್ಲಿ ಬಿದ್ದರೆ ಎತ್ತಲು ಮನೆಯವರಿದ್ದಾರೆ. ಆಕಾಶದಲ್ಲಿ ಚಕ್ಕರ್ ಬಂದರೆ ಯಾರು ಎತ್ತುತ್ತಾರೆ? ನನಗೆ ತಂದೆಯೂ ಅವನೇ, ತೌರೂ ಅವನೇ. ಅವನನ್ನು ಹೊಲದಿಂದ ಚೂರುಚೂರಾಗಿ ಆರಿಸಿ ತರುವ ದಿನ ನನಗೆ ಬೇಡವಾಗಿತ್ತು.

ಅಂದಿನಿಂದ ನಾನು ಕಾವಲಿಗೆ ನಿಂತೆ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತುವುದು, ರಾಯಚೂರಿಗೆ ಬಂದು ಅಣ್ಣನ ಮನೆಯಲ್ಲಿ ಉಳಿಯುವುದು, ಭಾನುವಾರ ಅವರ ಜೊತೆ ಹೊಲಕ್ಕೆ ಹೋಗಿ ಎಲ್ಲವನ್ನೂ ಕಣ್ಣಲ್ಲೇ ಅಳೆಯುವುದು. ಹೊಲದ ನಡುವೆ ಉದ್ದಕ್ಕೂ ಜಾಲಿಗಿಡ ಕಡಿದು, ಕಲ್ಲು ಆರಿಸಿ, ನೆಲ ಸಮ ಮಾಡಿದ್ದರು. ಯಾಕೆ? "ಹಾವು ಬರ್ತಾವ" ಎಂದ ಭಾಯಿ. ರೆಕ್ಕೆ ಬಿಚ್ಚಿ ಇಟ್ಟರೆ ಗಾಳಿಯ ಭಯವೇ ಇಲ್ಲವಲ್ಲ, ಯಾಕೆ ಬಿಚ್ಚುವುದಿಲ್ಲ? "ಪಿನ್ನು ಸವೀತಾವ" ಎಂದ ಅಣ್ಣ, ಚಪ್ಪಲಿ ನೋಡುತ್ತಾ. ಒಂದು ಭಾನುವಾರ ಗ್ಲೈಡರಿನ ಒಳಗೆ ಬಗ್ಗಿ ನೋಡಿದರೆ ಹಿಂದೆ ಮುಂದೆ ಎರಡು ಸೀಟು, ಎರಡರ ಮೇಲೂ ಹೊಸ ಕೌದಿಯ ದಿಂಬು. ಅತ್ತಿಗೆಯ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದದ್ದು.

ಅತ್ತಿಗೆ ಕಡಿಮೆ ಮಾತಿನವಳು. ನಾನು ಒಂದು ತಾಸು ಮಾತಾಡಿದರೆ ಅವಳು "ಹೂಂ" ಎನ್ನುತ್ತಾಳೆ. ಅವಳನ್ನು ಅಡುಗೆಮನೆಯಲ್ಲಿ ಹಿಡಿದೆ.

"ಎರಡು ದಿಂಬು ಯಾಕ ಹೊಲದೀರಿ?"

"ಒಂದು ಒಗೀಲಾಕ ಹಾಕಿದ್ರ ಇನ್ನೊಂದು ಇರ್ಲಿ ಅಂತ."

"ಅಣ್ಣ ಅದನ್ನ ಹಾರಸ್ಬೇಕಂತ ಮಾಡ್ಯಾನೇನು? ಖರೇ ಹೇಳ್ರಿ."

"ನನಗೇನು ಗೊತ್ತವ್ವ. ನಾ ರೊಟ್ಟಿ ಬಡಿಯಾಕಿ" ಎಂದು ಬೆಂಕಿಯ ಕಡೆ ತಿರುಗಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವಳು ಸೆರಗಿನಿಂದ ಕೈ ಒರೆಸಿಕೊಂಡಳು, ಕೈ ಒಣಗಿಯೇ ಇತ್ತು. ಇನ್ನೊಂದು ವಿಷಯವೂ ನನ್ನನ್ನು ಕುಟುಕುತ್ತಿತ್ತು. ನಾನು ಹೊಲಕ್ಕೆ ಬೆಳಿಗ್ಗೆ ಹೋದರೆ ಇವರು ಮಧ್ಯಾಹ್ನದ ಮೇಲೆ ನನ್ನನ್ನು ಬಸ್ಸಿಗೆ ಹತ್ತಿಸಲು ಆತುರಪಡುತ್ತಿದ್ದರು. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಏಳುವುದು ಮಧ್ಯಾಹ್ನದ ಮೇಲೆಯೇ. ಗಂಡ, ಹೆಂಡತಿ, ದೋಸ್ತ ಮೂವರೂ ಸೇರಿ ಸಂಚು ಮಾಡಿದ್ದಾರೆ, ಮುಂದಿನ ಸೀಟಿನಲ್ಲಿ ಅಣ್ಣ, ಹಿಂದಿನದರಲ್ಲಿ ಭಾಯಿ, ಜೀಪಿಗೆ ಅವನ ಅಂಗಡಿಯ ಹುಡುಗ ಯಾವನಾದರೂ, ಇಬ್ಬರು ಮುದುಕರೂ ಸೇರಿ ಸಾಯುತ್ತಾರೆ ಎಂದು ನಾನು ತೀರ್ಮಾನಿಸಿದೆ.

ಶಾಲೆಗೆ ಬೇಸಿಗೆ ರಜೆ ಬಿಟ್ಟಿತು. ಮುಂದಿನ ವಾರ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿ, ಮರುದಿನವೇ ಬಸ್ಸು ಹತ್ತಿದೆ. ಮನೆಗೆ ಹೋಗಲಿಲ್ಲ. ರಾಯಚೂರಿನಲ್ಲಿ ಆಟೋ ಹಿಡಿದು ನೇರ ಹೊಲಕ್ಕೆ ಹೋದೆ.

ಸಿಕ್ಕಿಬಿದ್ದರು. ಜೀಪು ಮುಂದೆ ದೂರದಲ್ಲಿ ನಿಂತಿತ್ತು. ಆ ಹಗ್ಗ ಸಮ ಮಾಡಿದ ನೆಲದ ಮೇಲೆ ಉದ್ದಕ್ಕೂ ಮಲಗಿತ್ತು. ಬಾಲದ ಹಗ್ಗವನ್ನು ಬಿಚ್ಚಿದ್ದರು, ರೆಕ್ಕೆಯ ಹಗ್ಗಗಳು ಇನ್ನೂ ಇದ್ದವು. ಅಣ್ಣ ಗ್ಲೈಡರಿನ ಮೂಗಿನ ಹತ್ತಿರ ಬಗ್ಗಿ ಏನೋ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದೆಗೆ ಪಟ್ಟಿ ಬಿಗಿದುಕೊಂಡು, ಅತ್ತಿಗೆ ಕುಳಿತಿದ್ದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ರೊಟ್ಟಿ ಬಡಿಯಾಕಿ ಅಂದ್ರಿ. ಇಲ್ಲೇನು ಒಲಿ ಹೂಡೀರಿ?" ಎಂದೆ.

ಅತ್ತಿಗೆ ನನ್ನನ್ನು ನೋಡಿಯೂ ಇಳಿಯಲಿಲ್ಲ. "ಮ್ಯಾಲ ಅವರಿಗೆ ಚಕ್ಕರ್ ಬಂದ್ರ ಯಾರರ ಬೇಕಲ್ಲ" ಎಂದಳು.

"ಬಂದ್ರ ನೀವೇನು ಮಾಡ್ತೀರಿ? ಮಜ್ಜಿಗಿ ಕುಡಿಸ್ತೀರಿ?"

"ಒಂದ್ಸಲ ತಂಗಿ," ಎಂದ ಅಣ್ಣ. ಈ ಸಲ ಚಪ್ಪಲಿ ನೋಡಲಿಲ್ಲ, ನನ್ನ ಮುಖ ನೋಡಿದ. "ಒಂದೇ ಸಲ. ಬೇವಿನ ಗಿಡದಷ್ಟು ಮ್ಯಾಲ ಹೋಗಿ ಇಳೀತೀವಿ. ನೀ ಇದ್ರ ಬಿಡಂಗಿಲ್ಲ ಅಂತ ಹೇಳಲಿಲ್ಲ."

"ಈಗ ಇದ್ದೀನಿ. ಬಿಡಂಗಿಲ್ಲ" ಎಂದು ಹೋಗಿ ಹಗ್ಗದ ಮೇಲೆ ನಿಂತೆ. ಅದೆಷ್ಟು ಬೈದೆನೋ. ಅಣ್ಣನಿಗೆ ಬುದ್ಧಿಯಿಲ್ಲ ಎಂದೆ, ಅತ್ತಿಗೆಗೆ ಗಂಡನ ಮೇಲೆ ಕರುಣೆಯಿಲ್ಲ ಎಂದೆ, ಭಾಯಿಗೆ ನಿಮ್ಮ ಶಾಮಿಯಾನಾ ಇವನ ತಿಥಿಗೇ ಹಾಕಿರಿ ಎಂದೆ. ಭಾಯಿ ತಲೆ ತಗ್ಗಿಸಿ, "ನಾ ಬ್ಯಾಡ ಅಂದಿದ್ದೆ ಟೀಚರ್ರ, ಖರೇನ ಅಂದಿದ್ದೆ" ಎಂದ. ನಾನು ನಂಬಲಿಲ್ಲ.

ಈ ಜಗಳದಲ್ಲಿ ಯಾರೂ ಪಡುವಣದ ಕಡೆ ನೋಡಿರಲಿಲ್ಲ. ನೋಡಿದಾಗ ಅಲ್ಲಿ ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೊದಲು ಬದುವಿನ ಒಣಹುಲ್ಲು ಹಾರಿಬಂತು, ಹಿಂದೆಯೇ ಧೂಳು. ಅಣ್ಣ ಜಗಳ ಮರೆತು ಬಾಲಕ್ಕೆ ಓಡಿ ಹಗ್ಗ ಬಿಗಿದ. ಅತ್ತಿಗೆ ಪಟ್ಟಿ ಬಿಚ್ಚಿಕೊಳ್ಳಲು ಹೊರಟಳು.

"ಇಳಿಬ್ಯಾಡ. ಅಲ್ಲೇ ಕುಂದ್ರು, ನಿನ್ನ ಭಾರ ಬೇಕು" ಎಂದು ಕೂಗಿ ಮೇಲಿನ ಗಾಜಿನ ಮುಚ್ಚಳ ಹಾಕಿದ.

ಗಾಳಿ ಬಂದು ಹೊಡೆಯಿತು. ಕಣ್ಣು ಬಿಡಲಾಗಲಿಲ್ಲ, ಬಾಯಿ ತುಂಬ ಮಣ್ಣು. ಪಡುವಣದ ರೆಕ್ಕೆ ನಡುಗತೊಡಗಿತು, ಟೈರು ಜಾರಿ ಉರುಳಿಹೋಯಿತು. ಹಗ್ಗ ಬಿಗಿದು ಹುಯ್ಯೆನ್ನುತ್ತಿತ್ತು. ಆಗ ಭಾಯಿ ಓಡಿ ಬಂದ. ಬಂದವನೇ ಆ ರೆಕ್ಕೆಯ ಹಗ್ಗದ ಗಂಟಿಗೆ ಕೈ ಹಾಕಿ, ಒಂದೇ ಎಳೆತಕ್ಕೆ ಬಿಚ್ಚಿಬಿಟ್ಟ.

ನಾನು ಕಂಡದ್ದನ್ನು ನಂಬದಾದೆ. ಆ ಕ್ಷಣಕ್ಕೆ ಭಾಯಿ ಬೇಕೆಂದೇ ಬಿಟ್ಟ ಎಂದೇ ಎಣಿಸಿದೆ. ಆಮೇಲೆ ತಿಳಿಯಿತು, ಜನ್ಮವಿಡೀ ಹಂದರ ಕಟ್ಟಿದ ಕೈ ಅದು. ಗಾಳಿ ಜೋರಾಯಿತು ಎಂದರೆ ಬಂದ ಮಗ್ಗುಲಿನ ಹಗ್ಗ ಬಿಡುವುದನ್ನು ತಲೆ ಹೇಳಿಕೊಡಬೇಕಾಗಿಲ್ಲ, ಕೈ ತಾನಾಗಿ ಬಿಡುತ್ತದೆ. ಹಂದರದ ಬಟ್ಟೆಯಾದರೆ ಪಟಪಟ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಗ್ಲೈಡರಿನ ರೆಕ್ಕೆ ಎದ್ದಿತು.

ಅಣ್ಣ ಅದರ ತುದಿಗೆ ಜೋತುಬಿದ್ದ. ಅವನ ಕಾಲು ನೆಲ ಬಿಟ್ಟವು. ನಾನು ಹೋಗಿ ಅವನ ಪಕ್ಕಕ್ಕೆ ಜೋತುಬಿದ್ದೆ. ನಾನೇನು ಸಣ್ಣ ಆಳಲ್ಲ, ನನ್ನ ಕಾಲೂ ನೆಲ ಬಿಟ್ಟವು. ಅತ್ತ ಕಡೆಯ ರೆಕ್ಕೆ ನೆಲ ಕೆರೆಯುತ್ತಿತ್ತು, ಇನ್ನೊಂದು ಚೂರು ಎದ್ದರೆ ಒಳಗಿರುವ ಅತ್ತಿಗೆಯ ಸಮೇತ ಮಗುಚಿಕೊಳ್ಳುತ್ತಿತ್ತು. "ಬಿಡಬ್ಯಾಡಣ್ಣ" ಎಂದು ಕಿರುಚಿದೆ. ಅವನು ನನ್ನ ಕಡೆ ತಿರುಗಿ ನೋಡಿದ. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆದರಿದ ಮುಖವಲ್ಲ, ಏನೋ ಬಹಳ ನಾಚಿಕೆಯಾದವನ ಮುಖ. ಆಮೇಲೆ ಅವನು ಬಿದ್ದ.

ನಾನೊಬ್ಬಳೇ ತೂಗಾಡುತ್ತಿದ್ದೆ. ಮೇಲಕ್ಕೆ ಹೋಗುತ್ತಿದ್ದ ರೆಕ್ಕೆ ಒಮ್ಮೆಲೇ ತಡೆಯಿತು, ಅಲ್ಲೇ ನಡುಗಿತು, ಆಮೇಲೆ ಮೆಲ್ಲಗೆ, ಯಾರೋ ಕೈ ಹಿಡಿದು ಇಳಿಸಿದ ಹಾಗೆ, ಕೆಳಗೆ ಬಂತು. ನನ್ನ ಕಾಲು ನೆಲಕ್ಕೆ ತಾಗಿದವು. ಭಾಯಿ ಅಳುತ್ತಾ ಹಗ್ಗವನ್ನು ಮತ್ತೆ ಸರಪಳಿಗೆ ಸುತ್ತಿದ. ನನ್ನ ಭಾರಕ್ಕೇ ಇಳಿಯಿತು ಎಂದುಕೊಂಡೆ. ಗಾಜಿನ ಒಳಗೆ ನೋಡಿದರೆ ಅತ್ತಿಗೆ ಎರಡೂ ಕೈಯಲ್ಲಿ ಕಾಲ ನಡುವಿನ, ರೆಕ್ಕೆ ಆಡಿಸುವ ಕೋಲನ್ನು ಹಿಡಿದು, ಒಂದು ಬದಿಗೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ಆ ರೆಕ್ಕೆಯನ್ನೇ ನೋಡುತ್ತಿದ್ದಳು.

ಮಳೆ ಬಂತು, ಗಾಳಿ ಇಳಿಯಿತು. ಅಣ್ಣ ರೆಕ್ಕೆಯ ಕೆಳಗೆ ಕೆಸರಿನಲ್ಲಿ ಕುಳಿತಿದ್ದ. ಪೆಟ್ಟಾಗಿದೆಯೇ ಎಂದು ಮೈಯೆಲ್ಲ ಮುಟ್ಟಿ ನೋಡಿದೆ. ಎಲುಬು ಮುರಿದಿರಲಿಲ್ಲ. ಅವನು ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಹಿಡಿ ಅಂದೆ. ಹಿಡೀಲಿಲ್ಲ" ಎಂದ.

"ಏನು ಹಿಡೀಲಿಲ್ಲ?"

"ಕೈ."

ಅವನ ಬಲಗೈಯನ್ನು ತೆಗೆದುಕೊಂಡು ಒತ್ತಿದೆ. ತಿರುಗಿ ಒತ್ತಲಿಲ್ಲ. ನನಗೆ ಒಂದೊಂದಾಗಿ ನೆನಪಾಯಿತು. ಕೆಲವು ತಿಂಗಳಿಂದ ಅವನು ಚಮಚದಲ್ಲಿ ಉಣ್ಣುತ್ತಿದ್ದ, ಅದೂ ಎಡಗೈಯಲ್ಲಿ. ಸಾಹೇಬನಾದೆಯಾ ಎಂದು ನಾನೇ ನಕ್ಕಿದ್ದೆ. ರೊಟ್ಟಿಯನ್ನು ಅತ್ತಿಗೆ ಮುರಿದು ಬಟ್ಟಲಿಗೆ ಹಾಕಿಕೊಡುತ್ತಿದ್ದಳು. ಹಗ್ಗ ನೋಡಿದ್ದೆ, ಕೊಕ್ಕೆ ನೋಡಿದ್ದೆ, ನೆಲ ನೋಡಿದ್ದೆ, ಒಣಗಿದ ಕೈ ಒರೆಸಿಕೊಂಡ ಅತ್ತಿಗೆಯನ್ನೂ ಬಿಟ್ಟಿರಲಿಲ್ಲ. ಈ ಕೈಯೊಂದನ್ನು ನೋಡಿರಲಿಲ್ಲ. ಅಲ್ಲೇ ಕುಳಿತು ಅತ್ತುಬಿಟ್ಟೆ.

ಅತ್ತಿಗೆ ಇಳಿದು ಬಂದಳು. "ನನಗ ಆ ಕೋಲು ಹಿಡಿಯಾಕ ಕಲಿಸ್ಯಾರ. ಮಧ್ಯಾಹ್ನ ಗಾಳಿ ಏಳತದಲ್ಲ, ಆವಾಗ. ಇದನ್ನ ಕಟ್ಟಿಟ್ಟು, ನಾ ಹಿಂದ, ಅವರು ಮುಂದ" ಎಂದಳು. ರೆಕ್ಕೆ ಯಾಕೆ ಬಿಚ್ಚುತ್ತಿರಲಿಲ್ಲ, ನನ್ನನ್ನು ಯಾಕೆ ಬೇಗ ಬಸ್ಸು ಹತ್ತಿಸುತ್ತಿದ್ದರು, ಎಲ್ಲಕ್ಕೂ ಅದೇ ಉತ್ತರವಾಗಿತ್ತು. ಕಟ್ಟಿದ ಗ್ಲೈಡರಿಗೂ ಗಾಳಿ ಬಂದರೆ ಜೀವ ಬರುತ್ತದಂತೆ, ಕೋಲು ಆಡಿಸಿದರೆ ರೆಕ್ಕೆ ಮಾತು ಕೇಳುತ್ತದಂತೆ.

"ಕೈ ಹೋಗಾಕತ್ತದ ಅಂತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ದವಾಖಾನಿಗೆ ಒಯ್ತಿದ್ರಿ. ಒಯ್ಬೇಕು, ಖರೇ. ಅದಕ್ಕ ಮೊದಲು ಅವರಿಗೆ ಇದೊಂದು ಆಗ್ಲಿ ಅಂತ."

ಹೆಂಡತಿಯಾದವಳು ಇಂಥ ಮಾತು ಆಡಬಹುದೇ ಎಂದು ಕೇಳುವ ಶಕ್ತಿ ನನಗೆ ಉಳಿದಿರಲಿಲ್ಲ. ಅದೇ ಜೀಪಿನಲ್ಲಿ ಅವನನ್ನು ರಾಯಚೂರಿನ ದವಾಖಾನೆಗೆ ಕರೆದೊಯ್ದೆವು. ತಲೆಯಲ್ಲಿ ಲಕ್ವದ ಸಣ್ಣ ಸಣ್ಣ ಹೊಡೆತಗಳು ಆಗಲೇ ಆಗಿಹೋಗಿವೆ, ಕೈ ಪೂರ್ತಿ ಬರುವುದು ಕಷ್ಟ, ಜೀವ ಉಳಿದದ್ದು ದೊಡ್ಡದು ಎಂದರು ಡಾಕ್ಟರು. ಅಣ್ಣ ಹಾಸಿಗೆಯ ಮೇಲೆ ಮಲಗಿ ಚಾವಣಿ ನೋಡುತ್ತಾ, "ರೆಕ್ಕಿ ಬಿಚ್ಚಿ ಗುಜರಿಗೆ ಕೊಟ್ಟುಬಿಡ್ರಿ" ಎಂದ.

ತಿಂಗಳುಗಟ್ಟಲೆ ನಾನು ಕಾದಿದ್ದ ಮಾತು ಅದು. ಕೇಳಿದ ಕೂಡಲೇ ಮೈ ಉರಿಯಿತು. "ಬಿಚ್ಚಂಗಿಲ್ಲ" ಎಂದೆ. "ಇನ್ನೊಂದೊಂದು ಕಲ್ಲು ಹುಗೀತೀವಿ."

ಈಗಲೂ ಅದು ಅಲ್ಲೇ ಇದೆ. ನೆಲ ಬಿಟ್ಟಿಲ್ಲ, ಬಿಡಲು ನಾನು ಬಿಟ್ಟಿಲ್ಲ. ಭಾಯಿ ಹಾಕಿದ ಒಂದೊಂದು ಗಂಟನ್ನೂ ಎಳೆದು ನೋಡುತ್ತೇನೆ, ಅವನಿಗೆ ಬೇಸರವಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಅಣ್ಣನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸುತ್ತೇವೆ, ಹಿಂದೆ ಅತ್ತಿಗೆ ಕೂರುತ್ತಾಳೆ. ಬೇವಿನ ಮರ ಅಲುಗಾಡಿತು ಎಂದರೆ ನಾನು ಬಗ್ಗಿ, ಅವನ ಬಲಗೈಯನ್ನು ಎತ್ತಿ, ಬೆರಳು ಒಂದೊಂದಾಗಿ ಮಡಿಸಿ ಆ ಕೋಲಿನ ಮೇಲಿಡುತ್ತೇನೆ. ಗಾಳಿ ರೆಕ್ಕೆಗೆ ಬಂದು ತಾಗುವವರೆಗೆ ಅದು ಜಾರದ ಹಾಗೆ ನಾನೇ ಹಿಡಿದುಕೊಂಡು ನಿಲ್ಲುತ್ತೇನೆ.